ಗುರುವಾರ ಬರಲಿರುವ ಮರಿ: ಒಂದು ಬಹಿರಂಗ ಪತ್ರ

ಪ್ರೀತಿಯ ಹುಡುಗ,

ಬರುವ ಗುರುವಾರ ನಿನ್ನ ಪಾರ್ಸೆಲ್ ಬರುತ್ತದೆ ಎಂದು ನಿನ್ನ ಅಮ್ಮ ಫೋನ್ ಮಾಡಿದ್ದರು. "ಜೇಡ ತರಿಸ್ತಿದ್ದಾನೆ, ನೀವಾದ್ರೂ ಸ್ವಲ್ಪ ಹೇಳಿ" ಅಂದರು. ಬೇಡ ಅನ್ನಿ ಅಂದರೋ, ಸಾಕುವುದು ಹೇಗೆ ಅಂತ ಹೇಳಿಕೊಡಿ ಅಂದರೋ ಸ್ಪಷ್ಟವಾಗಲಿಲ್ಲ. ಎರಡನೆಯದೇ ಇರಬೇಕು ಎಂದುಕೊಂಡು ಬರೆಯಲು ಕೂತಿದ್ದೇನೆ. ಯುಗಾದಿಯ ದಿನ ನಮ್ಮ ಮನೆಗೆ ಬಂದವನು ಊಟಕ್ಕೆ ಕರೆದರೂ ಏಳದೆ ಗಾಜಿನ ಪೆಟ್ಟಿಗೆಯ ಮುಂದೆ ಮುಕ್ಕಾಲು ಗಂಟೆ ಕುಕ್ಕರುಗಾಲಿನಲ್ಲಿ ಕೂತಿದ್ದೆ. ಆ ಮುಕ್ಕಾಲು ಗಂಟೆ ನನ್ನ ಜೇಡ ಒಂದು ಹೆಜ್ಜೆಯೂ ಅಲುಗಲಿಲ್ಲ. ನಿನಗೆ ಬೇಸರವೂ ಆಗಲಿಲ್ಲ. ನಿನ್ನ ಮೇಲೆ ನನಗೆ ನಂಬಿಕೆ ಬಂದದ್ದು ಆಗಲೇ.

ಈ ಕಾಗದವನ್ನು ನಿನಗೊಬ್ಬನಿಗೇ ಕಳಿಸಬಹುದಿತ್ತು. ಆದರೆ ಇಲ್ಲಿ ಅಮೆರಿಕದ ಕೊಲಂಬಸ್ಸಿನ ಕನ್ನಡದ ಮನೆಗಳಲ್ಲೂ ಅಲ್ಲಿ ಬೆಂಗಳೂರು, ಮೈಸೂರಿನ ನಮ್ಮ ನೆಂಟರ ಮನೆಗಳಲ್ಲೂ ಟರಾಂಟುಲಾ ಎಂಬ ಈ ದೊಡ್ಡ ಜೇಡ ಸಾಕುವ ಆಸೆ ಹೊತ್ತ ಮಕ್ಕಳಿದ್ದಾರೆ, ದೊಡ್ಡವರೂ ಇದ್ದಾರೆ. ಅವರು ಕಲಿಯುವುದು ಬಹುಪಾಲು ವಿಡಿಯೊ ನೋಡಿ. ವಿಡಿಯೊದಲ್ಲಿ ಜೇಡ ಸದಾ ಏನಾದರೂ ಮಾಡುತ್ತಲೇ ಇರುತ್ತದೆ: ಹಾರಿ ಬೇಟೆ ಹಿಡಿಯುತ್ತದೆ, ಯಾರದೋ ಅಂಗೈ ಮೇಲೆ ನಡೆಯುತ್ತದೆ. ಮನೆಗೆ ಬಂದ ಮರಿ ವಾರಗಟ್ಟಲೆ ಕಾಣಿಸುವುದೇ ಇಲ್ಲ. ಆಗ ಕೈ ಸುಮ್ಮನಿರುವುದಿಲ್ಲ. ಆ ಕೈಯ ವಿಷಯವನ್ನೇ ನಾನು ಎಲ್ಲರಿಗೂ ಹೇಳಬೇಕಾಗಿರುವುದು.

ನನ್ನ ಮೊದಲ ಮರಿ ಬದುಕಿದ್ದು 19 ದಿನ.

2018ರ ಡಿಸೆಂಬರ್. ಹೊರಗೆ ಹಿಮ. ಉಷ್ಣವಲಯದ ಜೀವಿ, ಚಳಿಗೆ ಸತ್ತೇ ಹೋಗುತ್ತದೆ ಎಂಬ ಆತಂಕದಲ್ಲಿ ಡಬ್ಬಿಯ ಮೇಲೆ ಶಾಖ ಕೊಡುವ ದೀಪ ಇಟ್ಟೆ. ಮೂರು ದಿನದಲ್ಲಿ ಮಣ್ಣು ಒಣಗಿ ಪುಡಿಪುಡಿಯಾಯಿತು. ಮರಿ ಮಣ್ಣೊಳಗೆ ಇಳಿದು ಕೂತಿತು. ಹಸಿದು ಕಂಗಾಲಾಗಿದೆ ಎಂದುಕೊಂಡು ನಾನು ಟೀ ಚಮಚದಿಂದ ಕೆದಕಿ ಹೊರಗೆ ತೆಗೆದೆ. ಮಾರನೆಯ ದಿನವೂ ತೆಗೆದೆ. ಹತ್ತೊಂಬತ್ತನೆಯ ಬೆಳಿಗ್ಗೆ ನೋಡಿದರೆ ಎಂಟೂ ಕಾಲು ಹೊಟ್ಟೆಯ ಅಡಿಗೆ ಮಡಚಿಕೊಂಡು, ಮುಷ್ಟಿ ಕಟ್ಟಿದ ಹಾಗೆ ಬಿದ್ದಿತ್ತು. ಚಳಿ ಅದನ್ನು ಕೊಲ್ಲಲಿಲ್ಲ. ನಾನಿಟ್ಟ ದೀಪ ಕೊಂದಿತು. ಮನೆಯೊಳಗೆ ಹೀಟರ್ ಇತ್ತು, ನಾವು ಅಂಗಿ ತೊಟ್ಟು ಆರಾಮವಾಗಿ ಓಡಾಡುತ್ತಿದ್ದೆವು. ನಮಗೆ ಹಿತವಾಗಿದ್ದ ಆ ಇಪ್ಪತ್ತೆರಡು ಡಿಗ್ರಿ ಅದಕ್ಕೂ ಧಾರಾಳವಾಗಿ ಸಾಕಿತ್ತು.

ಕಾಲು ಮಡಚಿದ್ದೇಕೆ ಎಂಬುದು ಆಮೇಲೆ ಗೊತ್ತಾಯಿತು. ನಮ್ಮ ಮೊಣಕಾಲು ಮಡಚಲು ಒಂದು ಸ್ನಾಯು, ಚಾಚಲು ಇನ್ನೊಂದು. ಜೇಡದ ಕಾಲಿನ ಮುಖ್ಯ ಕೀಲುಗಳಲ್ಲಿ ಮಡಚುವ ಸ್ನಾಯು ಮಾತ್ರ ಇದೆ. ಚಾಚುವ ಕೆಲಸವನ್ನು ಮೈಯೊಳಗಿನ ದ್ರವದ ಒತ್ತಡ ಮಾಡುತ್ತದೆ, ಜೆಸಿಬಿಯ ತೋಳು ಎಣ್ಣೆಯ ಒತ್ತಡದಿಂದ ಚಾಚಿಕೊಳ್ಳುವ ಹಾಗೆ. ಮೈಯ ನೀರು ಆರಿದರೆ ಒತ್ತಡ ಇಳಿಯುತ್ತದೆ, ಕಾಲು ತಾನಾಗಿ ಒಳಕ್ಕೆ ಮಡಚಿಕೊಳ್ಳುತ್ತದೆ. ದೊಡ್ಡ ಜೇಡದ ಹೊರಚರ್ಮದ ಮೇಲೆ ನೀರು ಆರದಂತೆ ತಡೆಯುವ ಮೇಣದ ಪದರ ಚೆನ್ನಾಗಿ ಬೆಳೆದಿರುತ್ತದೆ. ಮರಿಗೆ ಆ ರಕ್ಷಣೆ ಇನ್ನೂ ಕಡಿಮೆ. ದೊಡ್ಡದು ತಿಂಗಳುಗಟ್ಟಲೆ ತಡೆದುಕೊಳ್ಳುವ ಒಣಹವೆ ಮರಿಗೆ ವಾರದಲ್ಲಿ ಮರಣ. ಇದನ್ನು ಮೊದಲೇ ಓದಿಕೊಂಡಿದ್ದರೆ ಆ ಮರಿ ಈಗ ಆರು ಇಂಚಿನ ಜೇಡವಾಗಿರುತ್ತಿತ್ತು. ಅದಕ್ಕೇ ನಿನಗೆ ಗುರುವಾರಕ್ಕೆ ಮುಂಚೆಯೇ ಬರೆಯುತ್ತಿದ್ದೇನೆ.

ನೀನು ಆರಿಸಿಕೊಂಡಿರುವ ಜಾತಿಯ ಬಗ್ಗೆ ನನ್ನ ತಕರಾರಿಲ್ಲ. ಕರ್ಲಿ ಹೇರ್ ಎಂದು ಕರೆಯುವ ಈ ಗುಂಗುರು ಕೂದಲಿನ ಜೇಡಕ್ಕಿಂತ ಒಳ್ಳೆಯ ಮೊದಲ ಗುರು ಸಿಗುವುದು ಕಷ್ಟ. ಹೊಂಡುರಾಸ್, ನಿಕರಾಗುವಾ, ಕೋಸ್ಟರಿಕಾಗಳ ಕಾಡು ಅದರ ತವರು. 1980ರಲ್ಲಿ ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟರು. ಈಗಿನ ಕುಲನಾಮ ಟ್ಲಿಲ್ಟೊಕಾಟ್ಲ್. ಮೆಕ್ಸಿಕೋದ ನಾವಾಟಲ್ ಭಾಷೆಯಲ್ಲಿ ಹಾಗೆಂದರೆ ಕರಿ ಜೇಡ. ಜಾತಿಯ ಹೆಸರು ಆಲ್ಬೊಪಿಲೋಸಸ್, ಅಂದರೆ ಬಿಳಿಗೂದಲಿನದು. ಕರಿ ಮೈಯ ಮೇಲೆ ನಸುಬಿಳಿ, ಜೇನುಬಣ್ಣದ ಉದ್ದ ಕೂದಲು ಸುರುಳಿ ಸುರುಳಿಯಾಗಿ ನಿಂತಿರುತ್ತದೆ. ಆದರೆ ಗುರುವಾರ ನೀನು ಅದನ್ನೆಲ್ಲ ನೋಡುವುದಿಲ್ಲ. ಬರುವುದು ಕಾಲು ಚಾಚಿದರೆ ಒಂದು ಸೆಂಟಿಮೀಟರ್ ಇರುವ, ಸಾಸಿವೆ ಕಾಳಿಗಿಂತ ಚೂರು ದಪ್ಪ ಹೊಟ್ಟೆಯ, ಮಾಸಲು ಬಣ್ಣದ ಒಂದು ಮರಿ. ಸಾಕುವವರು ಅದನ್ನು ಸ್ಲಿಂಗ್ ಎನ್ನುತ್ತಾರೆ. ನಿನ್ನ ಅಮ್ಮ ಹೆದರಿರುವಷ್ಟು ಅದು ಇಲ್ಲವೇ ಇಲ್ಲ.

ಅಷ್ಟು ಸಣ್ಣದಕ್ಕೆ ನೀನು ಖರೀದಿಸಲು ಹೊರಟಿರುವ ಹತ್ತು ಗ್ಯಾಲನ್ನಿನ ಗಾಜಿನ ತೊಟ್ಟಿ ಬೇಡ. ಅದು ಅಲ್ಲಿ ಕಳೆದುಹೋಗುತ್ತದೆ. ನೀನು ಬಿಟ್ಟ ಹುಳು ಅದಕ್ಕೆ ಸಿಗುವುದಿಲ್ಲ, ಅದು ನಿನಗೆ ಸಿಗುವುದಿಲ್ಲ. ಹೋಟೆಲಿನವರು ಚಟ್ನಿ ಕಟ್ಟಿಕೊಡುವ ಮುಚ್ಚಳದ ಪ್ಲಾಸ್ಟಿಕ್ ಲೋಟ ಇದೆಯಲ್ಲ, ಹೊಸದೊಂದು ಅಂಥದು ಸಾಕು. ಕಾಯಿಸಿದ ಸೂಜಿಯಿಂದ ಪಕ್ಕದಲ್ಲೂ ಮುಚ್ಚಳದಲ್ಲೂ ತೂತು ಮಾಡು. ತೂತಿನ ಅಳತೆಯ ಮೇಲೆ ನಿಗಾ ಇರಲಿ. ಜೇಡದ ತಲೆ ಮತ್ತು ಎದೆ ಸೇರಿದ ಗಟ್ಟಿ ಕವಚ ತೂರಿದ ಕಡೆ ಮೆತ್ತಗಿನ ಹೊಟ್ಟೆಯೂ ತೂರುತ್ತದೆ. ಕವಚಕ್ಕಿಂತ ತೂತು ಚಿಕ್ಕದಿರಬೇಕು. ಲೋಟದ ಮುಕ್ಕಾಲು ಭಾಗ ಮಣ್ಣು ತುಂಬು. ಮೇಲೆ ಖಾಲಿ ಜಾಗ ಹೆಚ್ಚಿದಷ್ಟೂ ಬೀಳುವ ಎತ್ತರ ಹೆಚ್ಚು, ಅದರ ಹೊಟ್ಟೆ ನೀರು ತುಂಬಿದ ಬಲೂನಿನಂಥದ್ದು. ಬೆಳೆದ ಟರಾಂಟುಲಾ ಮೇಜಿನ ಎತ್ತರದಿಂದ ಬಿದ್ದರೂ ಹೊಟ್ಟೆ ಒಡೆದು ಸಾಯಬಹುದು. ಅಂಗೈ ಮೇಲೆ ಇಟ್ಟುಕೊಂಡು ಫೋಟೋ ತೆಗೆಸಿಕೊಳ್ಳುವುದನ್ನು ನಾನು ತಪ್ಪೆಂದೇ ಹೇಳುವುದು ಇದಕ್ಕೆ. ಜೇಡಕ್ಕೆ ಸವರಿದರೆ ಖುಷಿಯಾಗುವುದಿಲ್ಲ, ಅದಕ್ಕೆ ನೀನು ಯಾರೆಂದು ಗೊತ್ತಾಗುವುದೂ ಇಲ್ಲ. ಎಂಟು ಕಣ್ಣಿದ್ದರೂ ಅದರ ನೋಟ ಮಂದ. ಲೋಕ ಅದಕ್ಕೆ ತಿಳಿಯುವುದು ಕಾಲಿನ ಕೂದಲಿಗೆ ತಾಗುವ ಕಂಪನದಿಂದ. ನಿನ್ನ ಅಂಗೈ ಅದರ ಪಾಲಿಗೆ ಬಿಸಿಯಾದ, ನಾಡಿ ಬಡಿಯುವ, ಎತ್ತರದ ನೆಲ. ಅಷ್ಟೇ.

ಇನ್ನು ಆ ಮಣ್ಣು. ತೆಂಗಿನ ನಾರಿನ ಪುಡಿಯನ್ನು ಇಟ್ಟಿಗೆಯಂತೆ ಒತ್ತಿ ಮಾರುತ್ತಾರೆ. ಗೊಬ್ಬರ, ಔಷಧಿ ಏನೂ ಬೆರೆಸದ್ದನ್ನು ತೆಗೆದುಕೊ. ನಾನು ಎರಡನೆಯ ಮರಿಗೆ ತಯಾರಿ ಮಾಡುತ್ತಿದ್ದ 2019ರ ಬೇಸಿಗೆಯಲ್ಲಿ ಅಮ್ಮ ಶಿರಸಿಯಿಂದ ಬಂದಿದ್ದಳು. ಬಕೆಟ್ಟಿನಲ್ಲಿ ಇಟ್ಟಿಗೆ ಹಾಕಿ ಬಿಸಿನೀರು ಸುರಿದೆ. ಅದು ಚಟಪಟ ಸದ್ದು ಮಾಡುತ್ತ ಬಿರಿದು, ಉಬ್ಬಿ, ಬಕೆಟ್ ತುಂಬುವಷ್ಟಾಯಿತು. ಅಮ್ಮ ಬಗ್ಗಿ ಮೂಸಿ ನೋಡಿ, "ಇದು ನಮ್ಮ ಕಡೆಯ ಸಿಪ್ಪೆದೇ" ಅಂದಳು. ಕವರು ತಿರುಗಿಸಿ ನೋಡಿದರೆ ಭಾರತದಲ್ಲಿ ತಯಾರಾದದ್ದು ಅಂತಲೇ ಇತ್ತು. ಹಿಡಿ ತುಂಬ ತೆಗೆದು ಹಿಂಡಿ ತೋರಿಸಿದವಳೂ ಅವಳೇ. ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಬಿಟ್ಟರೆ ಉಂಡೆ ಉಂಡೆಯಾಗಿಯೇ ನಿಲ್ಲಬೇಕು. ಅಡಿಕೆ ಸಸಿಯ ಪಾತಿಗೆ ಮಣ್ಣು ನೋಡುವ ಆ ಕೈಯ ಅಳತೆಗಿಂತ ಒಳ್ಳೆಯ ತೇವಮಾಪಕ ನನಗೆ ಇವತ್ತಿಗೂ ಸಿಕ್ಕಿಲ್ಲ.

ಅಷ್ಟೆಲ್ಲ ಆದಮೇಲೆ ಇದು ಯಾತಕ್ಕೆ ಎಂದು ಕೇಳಿದಳು. ಹೇಳಿದೆ. ಬೆಳೆದ ಜೇಡದ ಚಿತ್ರವನ್ನೂ ತೋರಿಸಿದೆ. ಕಿರುಚುತ್ತಾಳೆ ಎಂದುಕೊಂಡಿದ್ದೆ. "ಇದು ನಮ್ಮ ಧರೆಯಲ್ಲಿ ಇರ್ತಿತ್ತಲ್ಲೇ" ಅಂದಳು. ತೋಟಕ್ಕೆ ಇಳಿಯುವ ದಾರಿಯ ಪಕ್ಕದ ಕೆಂಪು ಧರೆಯಲ್ಲಿ ಹೆಬ್ಬೆರಳು ತೂರುವಷ್ಟು ದೊಡ್ಡ ತೂತುಗಳು, ಬಾಯಿಗೆ ಬಿಳಿ ಬಲೆಯ ಅಂಚು. ಮಳೆಗಾಲದ ರಾತ್ರಿ ಅಪ್ಪನ ಜೊತೆ ಟಾರ್ಚು ಹಿಡಿದು ಹೋಗುವಾಗ ಆ ಬಾಯಲ್ಲಿ ಎರಡು ಕಪ್ಪು ಕಾಲು ಕಾಣುತ್ತಿದ್ದವಂತೆ. ಬೆಳಕು ಬಿದ್ದ ತಕ್ಷಣ ಒಳಗೆ. "ನಾವು ಯಾರೂ ಅದಕ್ಕೆ ಕಡ್ಡಿ ಹಾಕ್ತಿರಲಿಲ್ಲ" ಅಂದಳು. ಪಶ್ಚಿಮ ಘಟ್ಟದಲ್ಲಿ ಮಾತ್ರ ಬದುಕುವ, ತ್ರಿಗ್ಮೊಪಿಯಸ್ ಎಂಬ ಕುಲದ ದೊಡ್ಡ ಬಿಲವಾಸಿ ಜೇಡಗಳು ಅಂಥ ಧರೆಗಳಲ್ಲೇ ಮನೆ ಮಾಡುವುದು. ಅಮ್ಮ ಕಂಡದ್ದು ಅದೇ ಇರಬೇಕು. ಎಪ್ಪತ್ತು ವರ್ಷ ಟರಾಂಟುಲಾಗಳ ನೆರೆಯಲ್ಲೇ ಬಾಳಿದ ಹೆಂಗಸಿಗೆ ನಾನು ಅವುಗಳ ಪರಿಚಯ ಮಾಡಿಸಲು ಹೊರಟಿದ್ದೆ.

ನೀರಿನ ವಿಷಯ ಚಿಕ್ಕದು. ಲೋಟದ ಒಂದು ಬದಿಯ ಮಣ್ಣು ತೇವವಾಗಿರಲಿ, ಇನ್ನೊಂದು ಬದಿ ಒಣಗಿರಲಿ. ಎಲ್ಲಿ ಇರಬೇಕೆಂದು ಮರಿಯೇ ಆರಿಸಿಕೊಳ್ಳುತ್ತದೆ. ಡ್ರಾಪರಿನಿಂದ ಅಂಚಿಗೆ ನಾಲ್ಕು ಹನಿ ಇಳಿಸು. ಮೈಮೇಲೆ ಸ್ಪ್ರೇ ಹೊಡೆಯಬೇಡ. ಹೊಟ್ಟೆಯ ಅಡಿಯಲ್ಲಿ ಪುಸ್ತಕದ ಹಾಳೆಗಳಂತೆ ಜೋಡಿಸಿದ ಎರಡು ಜೊತೆ ಶ್ವಾಸಕೋಶಗಳಿಂದ ಅದು ಉಸಿರಾಡುತ್ತದೆ. ಗಾಳಿಯಾಡದ ಕೆಸರಿನಲ್ಲಿ ಕೂರಿಸಿದರೆ ಒಣಗಿಸಿದಷ್ಟೇ ಅನ್ಯಾಯ.

ಆಹಾರದ ಮಾತು ನಿನ್ನ ಅಮ್ಮನಿಗೂ ಸೇರಿದ್ದು. ನಿಮ್ಮದು ಸಸ್ಯಾಹಾರಿ ಮನೆ, ನಮ್ಮದೂ. ಫ್ರಿಜ್ಜಿನ ಮೂಲೆಯಲ್ಲಿ ಹುಳುವಿನ ಡಬ್ಬಿ ಇಡಲು ನನಗೂ ಮನಸ್ಸು ಬಂದಿರಲಿಲ್ಲ. ಆದರೆ ಜೇಡ ಸಾಕುತ್ತೇನೆ ಎಂದಮೇಲೆ ಅದರ ಬಾಯಿಗೆ ಬೇಕಾದ್ದನ್ನು ಕೊಡುವ ಹೊಣೆಯೂ ನನ್ನದೇ. ಅದನ್ನು ಒಪ್ಪಲಾಗದಿದ್ದರೆ ಸಾಕುವುದು ಬೇಡ, ಅದರಲ್ಲಿ ಅವಮಾನವೇನಿಲ್ಲ. ಮರಿಗೆ ರೆಕ್ಕೆ ಬಾರದ ತಳಿಯ ಹಣ್ಣಿನ ನೊಣ ಕೊಡಬಹುದು, ಈಗಷ್ಟೇ ಮೊಟ್ಟೆಯೊಡೆದ ಜೀರುಂಡೆ ಮರಿ ಕೊಡಬಹುದು. ನಾನು ಕೊಟ್ಟದ್ದು ಮೀಲ್‌ವರ್ಮ್, ಹಿಟ್ಟಿನಲ್ಲಿ ಬೆಳೆಯುವ ದುಂಬಿಯ ಮರಿಹುಳು. ಅದರ ತಲೆ ಜಜ್ಜಿ, ಅಕ್ಕಿ ನುಚ್ಚಿನಷ್ಟು ತುಂಡು ಮಾಡಿ, ರಾತ್ರಿ ಬಿಲದ ಬಾಯಲ್ಲಿ ಇಡುತ್ತಿದ್ದೆ. ಮೊದಮೊದಲು ಕಣ್ಣು ಮುಚ್ಚಿಕೊಂಡೇ ಕತ್ತರಿಸಿದ್ದೇನೆ. ಮರಿ ಜೇಡ ಸತ್ತದ್ದನ್ನೂ ತಿನ್ನುತ್ತದೆ. ಸಾಸಿವೆಯಷ್ಟು ಹೊಟ್ಟೆಯದಕ್ಕೆ ಓಡಾಡುವ ಬೇಟೆಯೇ ಬೇಕೆಂದಿಲ್ಲ. ತುಂಡು ಅದರ ಹೊಟ್ಟೆಗಿಂತ ದೊಡ್ಡದಿರಬಾರದು. ವಾರಕ್ಕೆ ಎರಡು ಸಲ ಸಾಕು. ಬೆಳಿಗ್ಗೆ ತುಂಡು ಹಾಗೇ ಬಿದ್ದಿದ್ದರೆ ತೆಗೆದುಬಿಡು, ಇಲ್ಲದಿದ್ದರೆ ಬೂಸ್ಟು ಬರುತ್ತದೆ, ಸಣ್ಣ ನೊಣ ಮುತ್ತುತ್ತದೆ.

ಒಂದು ದಿನ ಅದು ತಿನ್ನುವುದನ್ನು ನಿಲ್ಲಿಸುತ್ತದೆ. ನಾನು ಎಡವಿದ್ದು ಇಲ್ಲೇ, ನಿನ್ನ ಕೈಗೆ ನಿಜವಾದ ಪರೀಕ್ಷೆಯೂ ಇಲ್ಲೇ. ಹೊಟ್ಟೆ ಉಬ್ಬಿ, ಕಪ್ಪಾಗಿ, ಎಣ್ಣೆ ಸವರಿದ ಹಾಗೆ ಮಿರುಗುತ್ತದೆ. ಬಿಲದ ಬಾಯಿಗೆ ಮಣ್ಣು, ಬಲೆ ಸೇರಿಸಿ ಗೋಡೆ ಕಟ್ಟಿ ಒಳಗೆ ಹೋಗಿಬಿಡುತ್ತದೆ. ಒಂದು ವಾರ, ಎರಡು ವಾರ, ಕೆಲವೊಮ್ಮೆ ತಿಂಗಳು. ನಿನಗೆ ಲೋಟದೊಳಗೆ ಮಣ್ಣು ಬಿಟ್ಟು ಬೇರೇನೂ ಕಾಣುವುದಿಲ್ಲ. ಸತ್ತಿದೆಯೇನೋ ಅನಿಸುತ್ತದೆ. ಅಗೆಯಬೇಡ. ಅದು ಪೊರೆ ಬಿಡಲು ಹೋಗಿದೆ.

ನನ್ನ ಎರಡನೆಯ ಮರಿ ಪೊರೆ ಬಿಟ್ಟದ್ದನ್ನು ನಾನು ಒಮ್ಮೆ ಮಾತ್ರ ಪೂರ್ತಿ ನೋಡಿದ್ದೇನೆ. ಲೋಟದ ಗೋಡೆಗೆ ತಾಗಿದಂತೆ ಬಿಲ ಮಾಡಿಕೊಂಡಿತ್ತು, ಹಾಗಾಗಿ ಕಂಡಿತು. ರಾತ್ರಿ ಹನ್ನೊಂದರ ಹೊತ್ತಿಗೆ ಅಂಗಾತ ಮಲಗಿತ್ತು, ಕಾಲು ಮೇಲೆ. ಗೊತ್ತಿಲ್ಲದವರು ಅಲ್ಲಿಗೆ ಕೈಬಿಡುತ್ತಾರೆ. ಸಾಯುವ ಜೇಡ ಸಾಮಾನ್ಯವಾಗಿ ಹೀಗೆ ಅಂಗಾತ ಮಲಗುವುದಿಲ್ಲ, ನೆಟ್ಟಗೆ ಇದ್ದಲ್ಲೇ ಕಾಲನ್ನು ಮೈಯಡಿಗೆ ಸುತ್ತಿಕೊಳ್ಳುತ್ತದೆ. ಅಂಗಾತ ಮಲಗಿದ್ದು ಹೊಸ ಮೈ ತೊಡುತ್ತಿದೆ. ಎದೆಯ ಕವಚ ಡಬ್ಬಿಯ ಮುಚ್ಚಳದಂತೆ ಸಡಿಲಾಯಿತು. ಆಮೇಲೆ ಅಲೆ ಅಲೆಯಾಗಿ ಮೈ ತಳ್ಳುತ್ತ, ನಿಲ್ಲುತ್ತ, ಮತ್ತೆ ತಳ್ಳುತ್ತ ಎಂಟು ಕಾಲನ್ನೂ ಹಳೆಯ ಕಾಲುಗಳಿಂದ ಎಳೆದುಕೊಂಡಿತು, ಒದ್ದೆ ಕೈಗವಸಿನಿಂದ ಬೆರಳು ಬಿಡಿಸಿಕೊಂಡ ಹಾಗೆ. ಅಷ್ಟೊಂದು ಸಣ್ಣ ಕಾಲು, ತುದಿಯ ಉಗುರು ಸಮೇತ. ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಮುಗಿಯುವಷ್ಟರಲ್ಲಿ ಒಂದು ಗಂಟೆ ದಾಟಿತ್ತು. ಪಕ್ಕದಲ್ಲಿ ಬಿದ್ದಿದ್ದ ಪೊರೆ ಮತ್ತೊಂದು ಜೇಡದಂತೆಯೇ ಇತ್ತು. ಹೊಸ ಮೈ ಹಾಲಿನ ಕೆನೆಯಂತೆ ಮೆತ್ತಗೆ, ಹಲ್ಲು ಅಚ್ಚ ಬಿಳಿ.

ಆ ಬಿಳಿ ಹಲ್ಲಿನಿಂದ ಅದು ಏನನ್ನೂ ಕಚ್ಚಲಾರದು. ಬಿಳಿಯದು ಕೆಂಪಾಗಿ, ಕೆಂಪು ಕಪ್ಪಾಗುವವರೆಗೆ ಆಹಾರ ಕೊಡಬಾರದು. ಮರಿಗೆ ಒಂದು ವಾರ ಬಿಡು, ದೊಡ್ಡದಕ್ಕೆ ಎರಡು ವಾರಕ್ಕೂ ಹೆಚ್ಚು. ಆ ಹೊತ್ತಿನಲ್ಲಿ ಜೀವಂತ ಜೀರುಂಡೆ ಬಿಟ್ಟರೆ ಜೀರುಂಡೆಯೇ ಜೇಡವನ್ನು ಕಡಿದು ತಿನ್ನುತ್ತದೆ. ನಡುವೆ ಡಬ್ಬಿ ಅಲುಗಿಸಿದರೆ, ಮಣ್ಣು ಕೆದಕಿದರೆ ಒಂದು ಕಾಲು ಹಳೆಯ ಪೊರೆಯಲ್ಲೇ ಸಿಕ್ಕಿಕೊಳ್ಳಬಹುದು. ನಾನು ಮೊದಲ ಮರಿಯನ್ನು ಚಮಚದಿಂದ ಎಬ್ಬಿಸಿದ್ದು ಇಂಥದೇ ತಯಾರಿಯ ಮಧ್ಯದಿಂದ ಎಂದು ಈಗ ನನಗೆ ಖಾತ್ರಿ. ಅದರ ಹೊಟ್ಟೆ ಮಿರುಗುತ್ತಿದ್ದದ್ದು ನೆನಪಿದೆ.

ಪೊರೆಯನ್ನು ಎಸೆಯಬೇಡ. ಒದ್ದೆ ಇರುವಾಗಲೇ ಬಿಡಿಸಿ ಒಣಗಿಸಿಡು. ಮರಿ ಎರಡು ಮೂರು ಇಂಚು ಆದಮೇಲೆ ಹೊಟ್ಟೆಯ ಪೊರೆಯ ಒಳಭಾಗವನ್ನು ಭೂತಗನ್ನಡಿಯಲ್ಲಿ ನೋಡಿದರೆ ಹೆಣ್ಣೋ ಗಂಡೋ ಗೊತ್ತಾಗುತ್ತದೆ. ಹೆಣ್ಣಾದರೆ ವೀರ್ಯ ಕೂಡಿಡುವ ಪುಟ್ಟ ಚೀಲ ಅಲ್ಲಿ ಕಾಣುತ್ತದೆ. ಇದು ಕುತೂಹಲಕ್ಕಷ್ಟೇ ಅಲ್ಲ. ಗಂಡು ಕೆಲವು ವರ್ಷಗಳಲ್ಲಿ ಪ್ರಾಯಕ್ಕೆ ಬಂದು, ಆಮೇಲೆ ವರ್ಷವೊಂದರ ಸುಮಾರಿಗೆ ತೀರಿಕೊಳ್ಳುತ್ತದೆ. ಹೆಣ್ಣು ಇಪ್ಪತ್ತು ವರ್ಷ ಬದುಕಬಹುದು. ನಿನಗೀಗ ಹದಿನಾಲ್ಕು. ನೀನು ಕಾಲೇಜಿಗೆಂದು ಬೇರೆ ಊರಿಗೆ ಹೋಗುವಾಗಲೂ, ಮೊದಲ ಕೆಲಸಕ್ಕೆ ಸೇರುವಾಗಲೂ, ಮದುವೆಯಾಗುವಾಗಲೂ ಈ ಜೇಡ ಇರಬಹುದು. ಹಾಸ್ಟೆಲ್ಲಿನಲ್ಲಿ ಜಾಗ ಕೊಡದಿದ್ದರೆ ನೋಡಿಕೊಳ್ಳುವವರು ಯಾರು ಎಂದು ಅಮ್ಮ ಅಪ್ಪನ ಹತ್ತಿರ ಈಗಲೇ ಮಾತಾಡು. ಯಾರೂ ಸಿಗದಿದ್ದರೆ ನಾನಿದ್ದೇನೆ. ಇದನ್ನು ಬರೆದು ಕೊಡುತ್ತಿದ್ದೇನೆ, ನೆನಪಿಟ್ಟುಕೊ.

ಮನೆಯವರಿಗೆ ಎರಡು ಎಚ್ಚರಿಕೆ. ಒಂದು, ಕೂದಲು. ಅಮೆರಿಕ ಖಂಡಗಳ ಟರಾಂಟುಲಾಗಳಲ್ಲಿ ಬಹುಪಾಲು ಜಾತಿಗಳು ಬೆದರಿದಾಗ ಹಿಂಗಾಲಿನಿಂದ ಹೊಟ್ಟೆಯ ಮೇಲಿನ ಸೂಕ್ಷ್ಮ ಮುಳ್ಳುಗೂದಲನ್ನು ಉಜ್ಜಿ ಗಾಳಿಗೆ ತೂರುತ್ತವೆ. ಚರ್ಮಕ್ಕೆ ತಾಗಿದರೆ ತುರುಚಿ ಸೊಪ್ಪು ತಾಗಿದಷ್ಟು ತುರಿಕೆ. ಕಣ್ಣಿಗೆ ಹೋದರೆ ಮಾತ್ರ ಗಂಭೀರ, ಅವು ಕಣ್ಣಿನ ಪದರಕ್ಕೆ ಚುಚ್ಚಿಕೊಂಡು ತಿಂಗಳುಗಟ್ಟಲೆ ಕಾಡುತ್ತವೆ, ಡಾಕ್ಟರನ್ನು ನೋಡಲೇಬೇಕಾಗುತ್ತದೆ. ಪುಟ್ಟ ಮರಿಗೆ ಈ ಅಸ್ತ್ರ ಇನ್ನೂ ಪೂರ್ತಿ ಬಂದಿರುವುದಿಲ್ಲ. ಆದರೂ ಮುಖ ಹತ್ತಿರ ಒಯ್ಯದಿರುವ, ಡಬ್ಬಿ ಮುಟ್ಟಿದ ಕೈ ತೊಳೆಯುವ ಅಭ್ಯಾಸ ಗುರುವಾರದಿಂದಲೇ ಶುರುವಾಗಲಿ. ಕರ್ಲಿ ಹೇರ್ ಕಚ್ಚುವುದು ಅಪರೂಪ, ಕಚ್ಚಿದರೂ ಜೇನ್ನೊಣ ಕುಟುಕಿದಂತೆ. ಅಲರ್ಜಿ ಇರುವವರು ಜಾಗ್ರತೆ ವಹಿಸಬೇಕು, ಅಷ್ಟೆ.

ಎರಡನೆಯದು ಔಷಧಿ. ಜಿರಲೆಗೆ ಹೊಡೆಯುವ ಸ್ಪ್ರೇ, ಸೊಳ್ಳೆಗೆ ಹಚ್ಚುವ ಬತ್ತಿ, ನಾಯಿಯ ಕುತ್ತಿಗೆಗೆ ಹಾಕುವ ಚಿಗಟದ ಮದ್ದು, ಇವೆಲ್ಲ ಜೇಡಕ್ಕೂ ವಿಷವೇ. ನಾವಿದ್ದ ಹಳೆಯ ಅಪಾರ್ಟ್‌ಮೆಂಟಿನಲ್ಲಿ ಒಂದು ಸಂಜೆ ಬಾಗಿಲ ಕೆಳಗೆ ಚೀಟಿ ತೂರಿಸಿ, ಮರುದಿನ ಬೆಳಿಗ್ಗೆಯೇ ಅಡುಗೆಮನೆಗೆಲ್ಲ ಔಷಧಿ ಹೊಡೆಸಿದರು. ರಾತ್ರೋರಾತ್ರಿ ಲೋಟವನ್ನು ಟವೆಲಿನಲ್ಲಿ ಸುತ್ತಿ ಗೆಳತಿಯ ಮನೆಗೆ ಒಯ್ದು ನಾಲ್ಕು ದಿನ ಅಲ್ಲಿಟ್ಟಿದ್ದೆ. ನಿಮ್ಮ ಮನೆಗೆ ಔಷಧಿಯವರು ಯಾವಾಗ ಬರುತ್ತಾರೆ ಎಂದು ಇವತ್ತೇ ಕೇಳಿಕೊ.

ಈಗ ಬೆಂಗಳೂರು, ಮೈಸೂರಿನಲ್ಲಿ ಇದನ್ನು ಓದುತ್ತಿರುವವರಿಗೆ ಒಂದು ಮಾತು. ಹುಡುಗ, ನಿನಗೆ ಬರುತ್ತಿರುವ ಮರಿ ಇಲ್ಲೇ ಸಾಕಿದ ತಾಯಿಯ ಮೊಟ್ಟೆಚೀಲದಿಂದ ಬಂದದ್ದು, ನೂರಾರು ಒಡಹುಟ್ಟುಗಳಲ್ಲಿ ಒಂದು. ಮಾರುವವರನ್ನು ಕೇಳಿ ಖಚಿತ ಮಾಡಿಕೊಂಡಿದ್ದೀಯ, ಒಳ್ಳೆಯದಾಯಿತು. ಎಲ್ಲ ಕಡೆ ಹಾಗಿಲ್ಲ. ಮೆಕ್ಸಿಕೋದ ಕೆಂಪು ಮೊಣಕಾಲಿನ ಜೇಡಗಳನ್ನು ಸಾಕುವ ಹುಚ್ಚಿಗೆಂದು ಕಾಡಿನಿಂದ ಬಾಚಿ ಬಾಚಿ ತಂದು, ಕೊನೆಗೆ 1985ರಲ್ಲಿ ಅಂತಾರಾಷ್ಟ್ರೀಯ ವ್ಯಾಪಾರದ ಮೇಲೆ ಸೈಟಿಸ್ ಒಪ್ಪಂದದ ಕಡಿವಾಣ ಹಾಕಬೇಕಾಯಿತು. ನಮ್ಮ ನೆಲದ ಕಥೆ ಇನ್ನೂ ಹತ್ತಿರದ್ದು. ಆಂಧ್ರದ ಗುತ್ತಿಯ ರೈಲ್ವೆ ಸೌದೆ ರಾಶಿಯಲ್ಲಿ ಸಿಕ್ಕ ಒಂದು ನೀಲಿ ಜೇಡಕ್ಕೆ 1899ರಲ್ಲಿ ಪೋಕಾಕ್ ಎಂಬ ಬ್ರಿಟಿಷ್ ವಿಜ್ಞಾನಿ ಪೊಯಿಸಿಲೊಥೀರಿಯ ಮೆಟಾಲಿಕಾ ಎಂದು ಹೆಸರಿಟ್ಟ. ನೂರು ವರ್ಷ ಅದು ಮತ್ತೆ ಕಾಣಲಿಲ್ಲ. 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡಿನಲ್ಲಿ ಸಿಕ್ಕಿತು. ಇರುವುದು ಅಲ್ಲಿನ ಪುಟ್ಟದೊಂದು ಕಾಡಿನ ತುಂಡಿನಲ್ಲಿ, ಹಳೆಯ ಮರಗಳ ಪೊಟರೆಯಲ್ಲಿ. ಇವತ್ತು ಅದು ಅಳಿವಿನ ಅತ್ಯಂತ ತೀವ್ರ ಅಂಚಿನ ಪಟ್ಟಿಯಲ್ಲಿದೆ. ಆದರೆ ಆ ನೀಲಿಯ ಮೋಹಕ್ಕೆ ಅದರ ಮರಿಗಳು ಪ್ರಪಂಚದ ಎಲ್ಲ ಮೂಲೆಗಳಲ್ಲೂ ಮಾರಾಟವಾಗುತ್ತಿವೆ. ಅದೇ ಕುಲದ ಇನ್ನೊಂದಕ್ಕೆ 1895ರಲ್ಲಿ ಅದೇ ಪೋಕಾಕ್ ಹೆಸರಿಟ್ಟ. ಸಾಕುವವರ ಬಾಯಲ್ಲಿ ಅದರ ಹೆಸರು ಮೈಸೂರ್ ಆರ್ನಮೆಂಟಲ್. ನಮ್ಮ ಮೈಸೂರೇ. ಇಡೀ ಕುಲವನ್ನು 2019ರಲ್ಲಿ ಸೈಟಿಸ್ ಪಟ್ಟಿಗೆ ಸೇರಿಸಿದರು.

ಮಡಿಕೇರಿಗೋ ಆಗುಂಬೆಗೋ ಪ್ರವಾಸ ಹೋದವರು ಮರದ ಪೊಟರೆಯಿಂದ, ಧರೆಯ ಬಿಲದಿಂದ ಜೇಡವನ್ನು ಹೊಗೆ ಹಾಕಿಯೋ ಕಡ್ಡಿ ಹಾಕಿಯೋ ಎಬ್ಬಿಸಿ ಬಾಟಲಿಗೆ ಹಾಕಿಕೊಂಡು ಬರಬೇಡಿ. ಅಲ್ಲಿ ಮೊಟ್ಟೆಯಿಡುವ ಹೆಣ್ಣೊಂದು ಆ ಗಾತ್ರಕ್ಕೆ ಬರಲು ಹಲವು ವರ್ಷ ಹಿಡಿದಿರುತ್ತದೆ. ಪೊಯಿಸಿಲೊಥೀರಿಯ ಕುಲದ ಕಡಿತ ಜೇನ್ನೊಣದ ಕುಟುಕಲ್ಲ. ದಿನಗಟ್ಟಲೆ ಸ್ನಾಯು ಸೆಳೆತ ತರುವಂಥದ್ದು. ಪೇಟೆಯಲ್ಲಿ ಯಾರೋ ಪ್ಲಾಸ್ಟಿಕ್ ಡಬ್ಬಿಯಲ್ಲಿ ವಿದೇಶಿ ಮರಿ ಎಂದು ಮಾರಿದರೆ ಅದು ಎಲ್ಲಿಂದ ಬಂತು, ಕಾಗದಪತ್ರ ಎಲ್ಲಿ ಎಂದು ಕೇಳಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯಂತೆ ಸೈಟಿಸ್ ಪಟ್ಟಿಯ ಜೀವಂತ ಪ್ರಾಣಿಯನ್ನು ಇಟ್ಟುಕೊಂಡವರು ಸರ್ಕಾರಕ್ಕೆ ತಿಳಿಸಿ ನೋಂದಾಯಿಸಬೇಕು. ಕಾಗದವಿಲ್ಲದ ಮರಿ ಎಷ್ಟು ಮುದ್ದಾಗಿದ್ದರೂ ಕೈ ಚಾಚಬೇಡಿ. ನೀವು ಕೊಂಡ ಒಂದರ ಬದಲಿಗೆ ಕಾಡಿನಿಂದ ಇನ್ನೊಂದು ಹೊರಡುತ್ತದೆ.

ಹುಡುಗ, ಮತ್ತೆ ನಿನ್ನ ಗುರುವಾರಕ್ಕೆ ಬರುತ್ತೇನೆ. ಪಾರ್ಸೆಲನ್ನು ಮೆಟ್ಟಿಲ ಮೇಲೆ ಬಿಸಿಲಿನಲ್ಲಿ ಬಿಡಬೇಡ, ಬಂದ ಕೂಡಲೇ ಒಳಗೆ ತಾ. ಪೆಟ್ಟಿಗೆಯೊಳಗೆ ಹತ್ತಿ, ಅದರೊಳಗೆ ಬೆರಳುದ್ದದ ಒಂದು ಸಣ್ಣ ನಳಿಕೆ, ಅದರೊಳಗೆ ಒದ್ದೆ ಟಿಶ್ಯೂ ಕಾಗದ. ಆ ಕಾಗದದ ಮಡಿಕೆಯಲ್ಲಿ ನಿನ್ನ ಮರಿ ಇರುತ್ತದೆ. ಫ್ಯಾನ್ ಆರಿಸು, ಬೆಕ್ಕನ್ನು ಬೇರೆ ಕೋಣೆಗೆ ಕಳಿಸು. ಲೋಟವನ್ನು ಅಗಲವಾದ ಪ್ಲಾಸ್ಟಿಕ್ ತೊಟ್ಟಿಯೊಳಗೆ ಇಟ್ಟುಕೊಂಡು ಕೆಲಸ ಮಾಡು, ಓಡಿದರೂ ತೊಟ್ಟಿ ದಾಟುವುದರೊಳಗೆ ಸಿಗುತ್ತದೆ. ಮಣ್ಣಿನಲ್ಲಿ ಪೆನ್ಸಿಲಿನಿಂದ ಒಂದು ಓರೆ ತೂತು ಮೊದಲೇ ಮಾಡಿಟ್ಟಿರು, ಮೇಲೊಂದು ತರಗೆಲೆ ಮುಚ್ಚಿರು. ಕಾಗದವನ್ನು ನಿಧಾನ ಬಿಡಿಸಿ, ಮೆತ್ತಗಿನ ಬ್ರಷ್ಷಿನಿಂದ ಹಿಂದಿನಿಂದ ಒಂದು ಸಲ ತಾಗಿಸು. ಅದು ಮುಂದೆ ಹೋಗುತ್ತದೆ. ಹೋಗದಿದ್ದರೆ ಕಾಗದ ಸಮೇತ ಲೋಟದೊಳಗೆ ಇಟ್ಟು ಮುಚ್ಚಳ ಹಾಕು. ರಾತ್ರಿ ಅದಾಗಿಯೇ ಇಳಿಯುತ್ತದೆ.

ಆಮೇಲೆ ಎದ್ದು ಕೈ ತೊಳೆದು ಊಟ ಮಾಡು. ಮೊದಲ ಐದು ದಿನ ಆಹಾರ ಕೊಡಬೇಡ, ಮುಚ್ಚಳ ತೆಗೆಯಬೇಡ, ನನಗೆ ಫೋಟೋ ಕಳಿಸಬೇಕೆಂದು ಟಾರ್ಚು ಹಾಕಬೇಡ. ಆರನೆಯ ದಿನ ರಾತ್ರಿ ಅಕ್ಕಿ ನುಚ್ಚಿನಷ್ಟು ತುಂಡು ಬಿಲದ ಬಾಯಲ್ಲಿಟ್ಟು ಮಲಗು. ಬೆಳಿಗ್ಗೆ ಅದು ಅಲ್ಲಿರದಿದ್ದರೆ ನನಗೆ ಫೋನ್ ಮಾಡು.